ಆತಂಕ ಪೂರ್ತಿ ಹೋಗುವವರೆಗೆ ಕಾಯಬೇಕೆ?

ಸ್ವಂತ ಉದ್ಯೋಗ ಆರಂಭಿಸಲು ಹೊರಟಿರುವ, ಜೊತೆಗೆ ಆತಂಕದ ಕಾಯಿಲೆಯನ್ನೂ ನಿಭಾಯಿಸುತ್ತಿರುವ ಓದುಗರಿಂದ ಇತ್ತೀಚೆಗೆ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಮೊದಲ ಪತ್ರಕ್ಕೆ ದೀರ್ಘವಾಗಿ ಉತ್ತರಿಸಿದ್ದೇನೆ, ಏಕೆಂದರೆ ಉಳಿದ ಹಲವರ ಪ್ರಶ್ನೆಯೂ ಅದರೊಳಗೇ ಇದೆ.

ಪ್ರಶ್ನೆ: ನನಗೆ 34 ವರ್ಷ. ಹನ್ನೊಂದು ವರ್ಷಗಳಿಂದ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಬರೆದುಕೊಡುವ ಸ್ವಂತ ಕೆಲಸ ಆರಂಭಿಸಬೇಕೆಂಬುದು ಬಹುಕಾಲದ ಆಸೆ. ಮೂರು ವರ್ಷಗಳ ಹಿಂದೆ ನನಗೆ ಆತಂಕದ ಕಾಯಿಲೆ ಇದೆಯೆಂದು ಮನೋವೈದ್ಯರು ಹೇಳಿದರು. ಚಿಕಿತ್ಸೆಯಿಂದ ಸಾಕಷ್ಟು ಸುಧಾರಿಸಿದ್ದೇನೆ, ಆದರೆ ಅದು ಪೂರ್ತಿ ಹೋಗಿಲ್ಲ. ಹದಿನಾಲ್ಕು ತಿಂಗಳಿಂದ ತಯಾರಿಯಲ್ಲೇ ಇದ್ದೇನೆ. ಸಂಸ್ಥೆಯ ಹೆಸರನ್ನು ಮೂರು ಬಾರಿ ಬದಲಿಸಿದ್ದೇನೆ, ಯೋಜನಾ ವರದಿ ನಲವತ್ತು ಪುಟ ದಾಟಿದೆ, ಆದರೆ ಇಂದಿಗೂ ಒಬ್ಬ ಗ್ರಾಹಕರೂ ಇಲ್ಲ. ಪರಿಚಯದ ವ್ಯಾಪಾರಿಯೊಬ್ಬರು ತಾವಾಗಿಯೇ ‘ನಮ್ಮ ಲೆಕ್ಕ ನೋಡಿಕೊಳ್ಳುತ್ತೀರಾ, ಎಷ್ಟಾಗುತ್ತದೆ’ ಎಂದು ಸಂದೇಶ ಕಳಿಸಿ ಮೂರು ವಾರವಾಯಿತು. ಉತ್ತರವನ್ನು ಬರೆಯುತ್ತೇನೆ, ಅಳಿಸುತ್ತೇನೆ. ಆತಂಕ ಪೂರ್ತಿ ವಾಸಿಯಾಗುವವರೆಗೆ ಕಾಯಬೇಕೆ, ಇಲ್ಲವೇ ನನ್ನಂಥವರು ಈ ಆಸೆಯನ್ನೇ ಬಿಡಬೇಕೆ?

ಉತ್ತರ: ಮೊದಲು ಆ ವ್ಯಾಪಾರಿಗೆ ಉತ್ತರ ಕಳಿಸಿ. ತಡವಾದುದಕ್ಕೆ ಕಾರಣ ವಿವರಿಸುವುದು ಬೇಡ. ‘ಉತ್ತರಿಸುವುದು ತಡವಾಯಿತು, ಕ್ಷಮಿಸಿ. ನಿಮ್ಮ ಲೆಕ್ಕ ನೋಡಿಕೊಳ್ಳಲು ನನಗೆ ಇಷ್ಟವಿದೆ. ತಿಂಗಳಿಗೆ ಸುಮಾರು ಎಷ್ಟು ಬಿಲ್‌ಗಳಿರುತ್ತವೆ ಎಂದು ತಿಳಿಸಿದರೆ ಎರಡು ದಿನದಲ್ಲಿ ದರವನ್ನು ಬರೆದು ಕಳಿಸುತ್ತೇನೆ’ ಎಂದಿದ್ದರೆ ಸಾಕು. ಅವರು ಈಗಾಗಲೇ ಬೇರೆಯವರನ್ನು ಗೊತ್ತುಮಾಡಿಕೊಂಡಿರಬಹುದು. ಹಾಗಾಗಿದ್ದರೂ ಈ ಉತ್ತರ ವ್ಯರ್ಥವಲ್ಲ. ಹದಿನಾಲ್ಕು ತಿಂಗಳಲ್ಲಿ ನೀವು ಹೊರಗಿನವರೊಬ್ಬರಿಗೆ ಆಡಿದ ಮೊದಲ ಮಾತು ಅದಾಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಾಯಬೇಡಿ, ಆಸೆಯನ್ನೂ ಬಿಡಬೇಡಿ. ಆದರೆ ಈವರೆಗೆ ಮಾಡಿದ ರೀತಿಯಲ್ಲಿ ತಯಾರಿ ಮುಂದುವರಿಸುವುದನ್ನು ನಿಲ್ಲಿಸಿ.

ಸಂದೇಶ ಬರೆದು ಅಳಿಸಿದಾಗ ಏನಾಗುತ್ತದೆ ಎಂಬುದನ್ನು ಒಮ್ಮೆ ಗಮನಿಸಿ ನೋಡಿ. ಕಳಿಸುವ ಗುಂಡಿಯ ಮೇಲೆ ಬೆರಳು ಇರುವಾಗ ಎದೆ ಡವಗುಟ್ಟುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ‘ದರ ಹೆಚ್ಚಾಯಿತೇನೋ’ ಎಂಬ ಯೋಚನೆ ಬರುತ್ತದೆ. ಅಳಿಸಿ ಫೋನನ್ನು ಕೆಳಗಿಟ್ಟ ಕೂಡಲೇ ಉಸಿರು ಸಡಿಲವಾಗುತ್ತದೆ. ಆ ಕ್ಷಣದ ನಿರಾಳವೇ ಇಲ್ಲಿ ತೊಂದರೆಯ ಮೂಲ. ಹಿಂದೆ ಸರಿದುದರಿಂದ ಅಪಾಯ ತಪ್ಪಿತು ಎಂದು ಮೆದುಳು ಕಲಿತುಕೊಳ್ಳುತ್ತದೆ, ಮುಂದಿನ ಬಾರಿ ಅದೇ ಸಂದೇಶವನ್ನು ಇನ್ನಷ್ಟು ದೊಡ್ಡ ಅಪಾಯವೆಂದು ತೋರಿಸುತ್ತದೆ. ಆತಂಕ ಬೆಳೆಯುವುದು ಹೀಗೆ, ನಾವು ತಪ್ಪಿಸಿಕೊಂಡ ಪ್ರತಿ ಸಲವೂ ಒಂದಿಷ್ಟು ಬಲ ಪಡೆದುಕೊಂಡು. ಅರಿವು-ವರ್ತನೆ ಚಿಕಿತ್ಸೆಯಲ್ಲಿ, ಅಂದರೆ ಸಿಬಿಟಿಯಲ್ಲಿ, ಭಯಪಡುವ ಸನ್ನಿವೇಶವನ್ನು ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಎದುರಿಸುವ ಅಭ್ಯಾಸಕ್ಕೆ ಅಷ್ಟೊಂದು ಮಹತ್ವ ಇರುವುದು ಇದೇ ಕಾರಣಕ್ಕೆ. ‘ಮೊದಲು ಆತಂಕ ಹೋಗಲಿ, ಆಮೇಲೆ ಗ್ರಾಹಕರನ್ನು ಕೇಳುತ್ತೇನೆ’ ಎಂಬ ಕ್ರಮ ಫಲಿಸುವುದು ಅಪರೂಪ. ಗ್ರಾಹಕರನ್ನು ಕೇಳುತ್ತಾ ಕೇಳುತ್ತಾ ಆ ಕುರಿತ ಆತಂಕ ತಗ್ಗುತ್ತದೆ.

ನಿಮ್ಮ ನಲವತ್ತು ಪುಟಗಳ ವರದಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ, ಅದರ ಹಿಂದೆ ನಿಜವಾದ ಶ್ರಮವಿದೆ. ಆದರೆ ಯೋಜನೆಗೂ ಚಿಂತೆಗೂ ಹೊರನೋಟಕ್ಕೆ ಬಹಳ ಹೋಲಿಕೆ ಇದೆ. ಎರಡರಲ್ಲೂ ನಾವು ಮುಂದಿನದನ್ನು ಯೋಚಿಸುತ್ತಿರುತ್ತೇವೆ, ಎರಡರಲ್ಲೂ ‘ಹೀಗಾದರೆ ಏನು ಮಾಡುವುದು’ ಎಂದು ಕೇಳಿಕೊಳ್ಳುತ್ತೇವೆ. ಯೋಜನೆ ಒಂದು ತಾರೀಖಿಗೋ ಒಂದು ಕೆಲಸಕ್ಕೋ ಬಂದು ನಿಲ್ಲುತ್ತದೆ, ಚಿಂತೆ ಹೊರಟ ಪ್ರಶ್ನೆಗೇ ಮರಳಿ ಬರುತ್ತದೆ. ವರದಿಯ ಯಾವುದೇ ಪುಟ ತೆರೆದು, ‘ಇದನ್ನು ಬರೆದುದರಿಂದ ಈ ವಾರ ನಾನು ಮಾಡುವ ಕೆಲಸ ಯಾವುದು’ ಎಂದು ಕೇಳಿಕೊಳ್ಳಿ. ಉತ್ತರ ಸಿಗದ ಪುಟಗಳೇ ಹೆಚ್ಚಿದ್ದರೆ ಅದು ಚಿಂತೆಯ ದಾಖಲೆಯೇ ಸರಿ.

1990ರ ದಶಕದಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ಮಿಷೆಲ್ ಡುಗಾಸ್ ಮತ್ತು ಅವರ ಸಂಗಡಿಗರು ಅತಿಚಿಂತೆಯ ಕುರಿತು ಮಾಡಿದ ಕೆಲಸ ನಿಮ್ಮ ಸ್ಥಿತಿಗೆ ಬಹಳ ಹತ್ತಿರವಾಗಿದೆ. ಅತಿಯಾಗಿ ಚಿಂತಿಸುವವರನ್ನು ಕಾಡುವುದು ಕೆಟ್ಟದ್ದು ಘಟಿಸುತ್ತದೆ ಎಂಬ ಭಯಕ್ಕಿಂತ ಹೆಚ್ಚಾಗಿ, ಏನು ಘಟಿಸುತ್ತದೆ ಎಂದು ಖಚಿತವಾಗಿ ತಿಳಿಯದೆ ಇರುವ ಸ್ಥಿತಿಯನ್ನು ಸಹಿಸಲಾಗದ ಸಂಕಟ ಎಂಬುದು ಅವರ ವಿವರಣೆ. ಉದ್ಯಮವೆಂದರೆ ಖಚಿತವಾಗಿ ತಿಳಿಯದ ಸ್ಥಿತಿಯಲ್ಲಿ ದಿನದಿನವೂ ಇರುವುದು. ಎಷ್ಟೇ ಪುಟ ಬರೆದರೂ ಮೊದಲ ಗ್ರಾಹಕರು ಒಪ್ಪುತ್ತಾರೋ ಇಲ್ಲವೋ ಎಂಬುದು ಕೇಳುವವರೆಗೆ ತಿಳಿಯುವುದಿಲ್ಲ. ಆದ್ದರಿಂದ ನೀವು ಕಲಿಯಬೇಕಾದ ಕೌಶಲ ಅನಿಶ್ಚಿತತೆಯನ್ನು ಅಳಿಸುವುದಲ್ಲ, ಅದರ ಸಣ್ಣ ಪ್ರಮಾಣವನ್ನು ದಿನವೂ ತಾಳಿಕೊಳ್ಳುವುದು. ಒಂದು ಪತ್ರವನ್ನು ಹತ್ತು ಬಾರಿ ಓದುವ ಬದಲು ಎರಡು ಬಾರಿ ಓದಿ ಕಳಿಸುವುದು ಅಂಥ ಅಭ್ಯಾಸ.

ಇದೆಲ್ಲ ಹೇಳಿದ ಮೇಲೂ, ಆತಂಕವುಳ್ಳವರಿಗೆ ‘ಧೈರ್ಯವಾಗಿ ಧುಮುಕಿ’ ಎಂಬ ಸಲಹೆ ಕೊಡುವವರ ಜೊತೆ ನಾನು ನಿಲ್ಲುವುದಿಲ್ಲ. ಆ ಸಲಹೆಯಿಂದ ಉಳಿತಾಯವನ್ನೂ ಆರೋಗ್ಯವನ್ನೂ ಕಳೆದುಕೊಂಡವರು ನನ್ನೆದುರು ಕುಳಿತು ಮಾತಾಡಿದ್ದಾರೆ. ಉದ್ಯಮದ ಗಾತ್ರವನ್ನು ನಿಮ್ಮ ಮನಸ್ಸು ತಾಳುವಷ್ಟಕ್ಕೆ ಇಟ್ಟುಕೊಳ್ಳುವುದು ಹೇಡಿತನವಲ್ಲ. ಸರಸ್ ಸರಸ್ವತಿ ಎಂಬ ಸಂಶೋಧಕಿ ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಎಂಬುದನ್ನು ಅವರಿಂದಲೇ ಗಟ್ಟಿಯಾಗಿ ಹೇಳಿಸಿ ಅಧ್ಯಯನ ಮಾಡಿದರು ಮತ್ತು 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಮ್ಮ ಸಿದ್ಧಾಂತವನ್ನು ಮುಂದಿಟ್ಟರು. ನುರಿತ ಉದ್ಯಮಿಗಳು ‘ಇದರಿಂದ ಎಷ್ಟು ಲಾಭ ಬಂದೀತು’ ಎಂದು ಲೆಕ್ಕ ಹಾಕುವುದಕ್ಕಿಂತ ಮೊದಲು ‘ಇದರಲ್ಲಿ ಎಷ್ಟು ಕಳೆದುಕೊಂಡರೂ ನಾನು ನಿಲ್ಲಬಲ್ಲೆ’ ಎಂದು ಕೇಳಿಕೊಳ್ಳುತ್ತಾರೆ ಎಂಬುದು ಅದರ ಮುಖ್ಯ ಅಂಶಗಳಲ್ಲಿ ಒಂದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತೂ ಇದನ್ನೇ ಹೇಳುತ್ತದೆ.

ಈ ಲೆಕ್ಕ ಆತಂಕವುಳ್ಳವರಿಗೆ ವಿಶೇಷವಾಗಿ ಹೊಂದುತ್ತದೆ ಎಂದು ನನ್ನ ಅನುಭವ ಹೇಳುತ್ತದೆ. ಲಾಭದ ಅಂದಾಜು ಭವಿಷ್ಯಕ್ಕೆ ಸೇರಿದ್ದು, ಅದನ್ನು ಎಷ್ಟು ಅಗೆದರೂ ತಳ ಸಿಗುವುದಿಲ್ಲ. ಭರಿಸಬಲ್ಲ ನಷ್ಟದ ಅಂಕಿ ನಿಮ್ಮ ಕೈಯಲ್ಲೇ ಇದೆ, ಒಂದು ಸಂಜೆ ಕುಳಿತರೆ ಬರೆದು ಮುಗಿಸಬಹುದು. ಹಣ ಇಷ್ಟು, ಅದಕ್ಕಿಂತ ಹೆಚ್ಚು ಹಾಕುವುದಿಲ್ಲ. ಸಮಯ ಆರು ತಿಂಗಳು, ಅಲ್ಲಿಗೆ ನಿಂತು ನೋಡುತ್ತೇನೆ. ನಿದ್ದೆಯನ್ನೂ ಈ ಪಟ್ಟಿಗೆ ಸೇರಿಸಿ ಎಂದು ನಾನು ಒತ್ತಿ ಹೇಳುತ್ತೇನೆ: ಎರಡು ವಾರ ಸತತವಾಗಿ ನಿದ್ದೆ ಕೆಟ್ಟರೆ ಹೊಸ ಕೆಲಸ ಒಪ್ಪಿಕೊಳ್ಳುವುದಿಲ್ಲ, ವೈದ್ಯರನ್ನು ನೋಡುತ್ತೇನೆ ಎಂದು ಮೊದಲೇ ಬರೆದಿಡಿ. ಮನಸ್ಸು ತಿಳಿಯಾಗಿರುವ ದಿನ ಬರೆದಿಟ್ಟ ಈ ಗೆರೆಗಳು, ಮನಸ್ಸು ಕದಡಿದ ದಿನ ನಿಮ್ಮ ಪರವಾಗಿ ತೀರ್ಮಾನ ತೆಗೆದುಕೊಳ್ಳುತ್ತವೆ. ಕೆಲಸದ ಕರಾರಿನಲ್ಲಿ ಅಡ್ಡಿ ಇಲ್ಲದಿದ್ದರೆ ಈಗಿನ ನೌಕರಿಯನ್ನು ಬಿಡದೆ, ವಾರದಲ್ಲಿ ಕೆಲವು ಗಂಟೆ ಮಾತ್ರ ಇಟ್ಟು, ಎರಡು ಮೂರು ಗ್ರಾಹಕರಿಂದ ಆರಂಭಿಸಿ. ನಿಮ್ಮ ವೃತ್ತಿ ಇದಕ್ಕೆ ಅನುಕೂಲವಾಗಿದೆ, ಲೆಕ್ಕ ಬರೆಯಲು ದೊಡ್ಡ ಬಂಡವಾಳ ಬೇಕಿಲ್ಲ.

ದರ ಹೇಳುವುದರ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ನಾನು ಸ್ವತಂತ್ರವಾಗಿ ಆಪ್ತಸಮಾಲೋಚನೆ ಆರಂಭಿಸಿದಾಗ ನನಗೂ ಆತಂಕದ ತೊಂದರೆ ಇತ್ತು, ಚಿಕಿತ್ಸೆ ನಡೆಯುತ್ತಿತ್ತು. ಶುಲ್ಕವನ್ನು ಹಳದಿ ಚೀಟಿಯಲ್ಲಿ ದೊಡ್ಡದಾಗಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿದ್ದೆ. ಮೊದಲ ಕರೆ ಬಂತು, ಅವರು ಶುಲ್ಕ ಕೇಳಿದರು, ನಾನು ಚೀಟಿಯನ್ನು ನೋಡುತ್ತಲೇ ಅದರ ಅರ್ಧ ಹೇಳಿದೆ. ಅವರು ಚೌಕಾಸಿ ಮಾಡಿರಲಿಲ್ಲ. ಎರಡು ಸೆಕೆಂಡಿನ ಅವರ ಮೌನವನ್ನು ನಾನು ನಿರಾಕರಣೆ ಎಂದುಕೊಂಡೆ. ಅಂದಿನಿಂದ ನಾನು ಶುಲ್ಕವನ್ನು ಬಾಯಿಮಾತಿನಲ್ಲಿ ಹೇಳುವುದನ್ನು ಬಿಟ್ಟು, ಒಂದೇ ದರಪಟ್ಟಿಯನ್ನು ಎಲ್ಲರಿಗೂ ಬರಹದಲ್ಲಿ ಕಳಿಸತೊಡಗಿದೆ. ಒಂದು ವರ್ಷದ ನಂತರ ಬಾಯಲ್ಲೂ ಹೇಳಲು ಸಾಧ್ಯವಾಯಿತು. ನೀವೂ ದರಪಟ್ಟಿಯನ್ನು ಒಮ್ಮೆ ತಯಾರಿಸಿ, ಪ್ರತಿ ಗ್ರಾಹಕರಿಗೂ ಹೊಸದಾಗಿ ತೀರ್ಮಾನಿಸುವ ಕಷ್ಟವನ್ನು ತಪ್ಪಿಸಿಕೊಳ್ಳಿ. ಬಾಕಿ ಕೇಳುವ ಪತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಿಲ್ ಕೊಟ್ಟ ಹದಿನೈದನೆಯ ದಿನ ಕಳಿಸುವ ನೆನಪೋಲೆಯನ್ನು ಇಂದೇ ಬರೆದಿಡಿ, ಆ ದಿನ ಬಂದಾಗ ಹೆಸರು, ಮೊತ್ತ ಸೇರಿಸಿ ಕಳಿಸಿದರಾಯಿತು.

ದಿನವಿಡೀ ತಲೆಯಲ್ಲಿ ಸುತ್ತುವ ಚಿಂತೆಗೆ ಒಂದು ಹಳೆಯ, ಪರೀಕ್ಷಿತ ಉಪಾಯವಿದೆ. 1983ರಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಹೋದ್ಯೋಗಿಗಳು ವಿವರಿಸಿದ ಈ ವಿಧಾನದಲ್ಲಿ, ದಿನವೂ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ, ಅರ್ಧ ಗಂಟೆಯನ್ನು ಚಿಂತೆಗೆಂದೇ ಮೀಸಲಿಡಬೇಕು. ಬೇರೆ ಹೊತ್ತಿನಲ್ಲಿ ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆದುಕೊಂಡು ಆ ಅರ್ಧ ಗಂಟೆಗೆ ಮುಂದೂಡಬೇಕು. ಮಲಗುವ ಹೊತ್ತಿಗೆ ಹತ್ತಿರ ಇದನ್ನು ಇಟ್ಟುಕೊಳ್ಳಬೇಡಿ. ಮೊದಲ ವಾರ ಇದು ಕೃತಕವೆನಿಸುತ್ತದೆ. ಕ್ರಮೇಣ, ಬರೆದಿಟ್ಟ ಚಿಂತೆಗಳಲ್ಲಿ ಎಷ್ಟೋ ಸಂಜೆಯ ವೇಳೆಗೆ ತಾವಾಗಿಯೇ ಬಾಡಿರುವುದು ಕಾಣುತ್ತದೆ.

ಇನ್ನು, ನಿಜವಾಗಿಯೂ ಕಾಯಬೇಕಾದ ಸಂದರ್ಭಗಳೂ ಇವೆ. ಜಿಎಡಿ-7 ಎಂಬ, 2006ರಲ್ಲಿ ಪ್ರಕಟವಾದ, ಏಳು ಪ್ರಶ್ನೆಗಳ ಸರಳ ಪ್ರಶ್ನಾವಳಿಯೊಂದನ್ನು ವೈದ್ಯರು ವ್ಯಾಪಕವಾಗಿ ಬಳಸುತ್ತಾರೆ. ಕಳೆದ ಎರಡು ವಾರಗಳ ಆತಂಕದ ಸ್ಥಿತಿಯನ್ನು ಅದು 0ಯಿಂದ 21ರವರೆಗಿನ ಅಂಕದಲ್ಲಿ ಅಳೆಯುತ್ತದೆ, 10 ಅಥವಾ ಹೆಚ್ಚು ಬಂದರೆ ವೈದ್ಯರ ವಿವರವಾದ ಪರೀಕ್ಷೆ ಅಗತ್ಯವೆಂದು ಭಾವಿಸಲಾಗುತ್ತದೆ. ತಿಂಗಳಿಗೊಮ್ಮೆ ಅದನ್ನು ಭರ್ತಿಮಾಡಿ ನಿಮ್ಮ ವೈದ್ಯರಿಗೆ ತೋರಿಸಿ. ಅಂಕ ಏರುತ್ತಲೇ ಇದ್ದರೆ, ಔಷಧವನ್ನು ಇತ್ತೀಚೆಗಷ್ಟೇ ಬದಲಿಸಿದ್ದರೆ, ಮನೆಯಿಂದ ಹೊರಬರುವುದೇ ಕಷ್ಟವಾಗಿದ್ದರೆ, ಉದ್ಯಮವನ್ನು ಕೆಲವು ವಾರ ಮುಂದೂಡಿ ಚಿಕಿತ್ಸೆಗೆ ಒತ್ತು ಕೊಡಿ. ಬದುಕುವುದೇ ಬೇಡ ಎಂಬ ಯೋಚನೆ ಬಂದರಂತೂ ಅದೇ ದಿನ ವೈದ್ಯರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ, ಹತ್ತಿರದವರೊಬ್ಬರಿಗೆ ಹೇಳಿ. ನಿಮ್ಮ ಪತ್ರದಲ್ಲಿ ಇವು ಯಾವುವೂ ಕಾಣದ ಕಾರಣ ‘ಕಾಯಬೇಡಿ’ ಎಂದು ಬರೆಯುವ ಧೈರ್ಯ ಮಾಡಿದ್ದೇನೆ. ಆದರೂ ಈ ಪತ್ರವನ್ನು ನಿಮ್ಮನ್ನು ಬಲ್ಲ ವೈದ್ಯರ ಮುಂದಿಟ್ಟು ಅವರ ಮಾತನ್ನೂ ಕೇಳಿ.

ಪ್ರಶ್ನೆ: ನೌಕರಿಯೇ ನನ್ನ ಆತಂಕಕ್ಕೆ ಕಾರಣ. ಮೇಲಧಿಕಾರಿಯ ಹೆಜ್ಜೆ ಸಪ್ಪಳ ಕೇಳಿದರೂ ಬೆವರುತ್ತೇನೆ. ಸ್ವಂತ ಉದ್ಯೋಗ ಆರಂಭಿಸಿದರೆ ಯಾರ ಅಂಕೆಯೂ ಇರುವುದಿಲ್ಲ, ಆತಂಕವೂ ಹೋಗುತ್ತದೆ ಎಂದು ನಂಬಿದ್ದೇನೆ. ಮುಂದಿನ ತಿಂಗಳು ರಾಜೀನಾಮೆ ಕೊಡಬೇಕೆಂದಿದ್ದೇನೆ. ಇದು ಸರಿಯೇ?

ಉತ್ತರ: ನಿಮ್ಮ ನೌಕರಿಯ ವಾತಾವರಣ ನಿಜಕ್ಕೂ ಕೆಟ್ಟದ್ದಾಗಿರಬಹುದು, ಅದರಿಂದ ಹೊರಬರುವುದು ಸರಿಯಾದ ತೀರ್ಮಾನವೇ ಆಗಿರಬಹುದು. ಆದರೆ ನೀವು ಎರಡು ತೀರ್ಮಾನಗಳನ್ನು ಒಂದರೊಳಗೆ ಸೇರಿಸಿದ್ದೀರಿ. ಈ ನೌಕರಿ ಬಿಡಬೇಕೆ ಎಂಬುದು ಒಂದು, ಉದ್ಯಮ ಆರಂಭಿಸಬೇಕೆ ಎಂಬುದು ಇನ್ನೊಂದು.

ಸ್ವಂತ ಉದ್ಯೋಗದಲ್ಲಿ ಮೇಲಧಿಕಾರಿ ಇರುವುದಿಲ್ಲ ಎಂಬುದು ನಿಜ, ಅವರ ಜಾಗದಲ್ಲಿ ಗ್ರಾಹಕರು, ಸರಕು ಕೊಡುವವರು, ತೆರಿಗೆಯ ಗಡುವು, ತಿಂಗಳ ಕೊನೆಯ ಬಾಡಿಗೆ ಬಂದು ನಿಲ್ಲುತ್ತವೆ. ನೌಕರಿಯ ಆತಂಕ ಸಂಜೆ ಕಚೇರಿಯಲ್ಲೇ ಸ್ವಲ್ಪ ಉಳಿಯುತ್ತದೆ. ಉದ್ಯಮದ ಆತಂಕ ಮನೆಗೆ ಬರುತ್ತದೆ, ಏಕೆಂದರೆ ಬಾಗಿಲು ಹಾಕಿದ ಮೇಲೂ ಅದು ನಮ್ಮದೇ. ನಿಮ್ಮ ಆತಂಕ ಆ ಒಬ್ಬ ಅಧಿಕಾರಿಗೆ ಮಾತ್ರ ಸಂಬಂಧಿಸಿದ್ದೇ, ಅಥವಾ ತಪ್ಪು ಹುಡುಕಬಹುದಾದ ಯಾರೆದುರಿಗೂ ಹೀಗಾಗುತ್ತದೆಯೇ ಎಂಬುದನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಎರಡನೆಯದಾದರೆ ಅತೃಪ್ತ ಗ್ರಾಹಕರ ಒಂದು ಕರೆ ಅದೇ ಬೆವರನ್ನು ತರುತ್ತದೆ, ಮತ್ತು ಆಗ ತಿಂಗಳ ಸಂಬಳದ ಆಸರೆಯೂ ಇರುವುದಿಲ್ಲ.

ಮುಂದಿನ ತಿಂಗಳ ರಾಜೀನಾಮೆಯನ್ನು ಸದ್ಯಕ್ಕೆ ತಡೆಹಿಡಿಯಿರಿ ಎಂಬುದು ನನ್ನ ಸಲಹೆ. ಆ ವೇಳೆಗೆ ಮೂರು ಕೆಲಸ ನಡೆಯಲಿ. ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಂಡು ಸರಿಯಾದ ತಪಾಸಣೆ ಮಾಡಿಸಿ, ಜೊತೆಗೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಬೇಕೆ ಎಂದು ಕೇಳಿ, ಏಕೆಂದರೆ ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯಲ್ಲಿ ಎದೆಬಡಿತ, ಬೆವರು, ಕೈನಡುಕ ಎಲ್ಲವೂ ಆತಂಕದಂತೆಯೇ ಕಾಣಿಸಿಕೊಳ್ಳುತ್ತವೆ. ವಿಭಾಗ ಬದಲಾವಣೆಯೋ ಬೇರೆ ನೌಕರಿಯೋ ಸಾಧ್ಯವೇ ಎಂದು ವಿಚಾರಿಸಿ. ಉದ್ಯಮದ ಮೊದಲ ಸಣ್ಣ ಪ್ರಯೋಗವನ್ನು ರಜಾದಿನಗಳಲ್ಲಿ ಮಾಡಿ ನೋಡಿ. ಅಲ್ಲಿ ಅಧಿಕಾರಿಯ ಭಯವಿಲ್ಲದೆಯೂ ಕೆಲಸ ನಿಮ್ಮನ್ನು ಸೆಳೆದರೆ, ಆಗ ನೀವು ನೌಕರಿ ಬಿಡುವುದು ಓಡಿಹೋಗಲು ಅಲ್ಲ, ಒಂದು ಕಡೆಗೆ ಹೋಗಲು.

ಪ್ರಶ್ನೆ: ನನ್ನ ಸಣ್ಣ ಉದ್ದಿಮೆಗೆ ಹಣ ಹೂಡುವವರನ್ನು ಭೇಟಿಯಾಗಲು ಹೋಗಿದ್ದೆ. ಬಾಗಿಲ ಹೊರಗೆ ಕಾಯುವಾಗ ಉಸಿರು ಕಟ್ಟಿ, ಎದೆ ಹಿಡಿದುಕೊಂಡು, ಸತ್ತೇ ಹೋಗುತ್ತೇನೆ ಅನಿಸಿತು. ಭೇಟಿ ರದ್ದುಮಾಡಿ ಬಂದೆ. ಹೃದಯದ ಪರೀಕ್ಷೆ ಮಾಡಿಸಿದ್ದೇನೆ, ತೊಂದರೆ ಇಲ್ಲ, ಇದು ಪ್ಯಾನಿಕ್ ಅಟ್ಯಾಕ್ ಎಂದರು. ಇನ್ನೊಂದು ಭೇಟಿ ಗೊತ್ತಾಗಿದೆ. ಅಲ್ಲೂ ಹೀಗಾದರೆ ಏನು ಮಾಡಲಿ?

ಉತ್ತರ: ಹೃದಯದ ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು. ಪ್ಯಾನಿಕ್ ಅಟ್ಯಾಕ್ ಅನುಭವಿಸುವವರಿಗೆ ಅದು ಸಾವಿನಷ್ಟೇ ನಿಜವೆನಿಸುತ್ತದೆ, ಆದ್ದರಿಂದ ‘ಸುಮ್ಮನೆ ಗಾಬರಿ’ ಎಂದು ಯಾರಾದರೂ ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಪಾಯ ಎದುರಾದಾಗ ಓಡಲು ಅಥವಾ ಹೋರಾಡಲು ದೇಹವನ್ನು ಸಜ್ಜುಗೊಳಿಸುವ ಅಡ್ರಿನಲಿನ್ ವ್ಯವಸ್ಥೆ, ಅಪಾಯವಿಲ್ಲದಾಗಲೂ ಒಮ್ಮೆಗೇ ಚಾಲೂ ಆಗುವುದೇ ಇದರ ತಿರುಳು. ಅದರ ತೀವ್ರತೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ನಂತರ ಇಳಿಯತೊಡಗುತ್ತದೆ. ಈ ಒಂದು ಸಂಗತಿಯನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಿ, ಏಕೆಂದರೆ ಅಂದು ನೀವು ಬಾಗಿಲಿನಿಂದ ಹಿಂತಿರುಗಿದಾಗ ಅದು ಇಳಿದದ್ದನ್ನು ‘ಹೊರಟು ಬಂದೆ, ಆದ್ದರಿಂದ ಉಳಿದೆ’ ಎಂದು ಮನಸ್ಸು ತಪ್ಪಾಗಿ ಬರೆದುಕೊಂಡಿದೆ. ಅಲ್ಲೇ ಕುಳಿತಿದ್ದರೂ ಅದು ಇಳಿಯುತ್ತಿತ್ತು.

ಭೇಟಿಗೆ ಅರ್ಧ ಗಂಟೆ ಮೊದಲೇ ಹೋಗಿ. ಗಾಬರಿ ಬರಲಾರದು ಎಂದು ಆಶಿಸಿಕೊಂಡು ಹೋಗುವ ಬದಲು, ಬರಬಹುದು, ಬಂದರೆ ಈ ಕುರ್ಚಿಯಲ್ಲೇ ಕುಳಿತು ಅದು ಇಳಿಯುವುದನ್ನು ನೋಡುತ್ತೇನೆ ಎಂದು ಒಪ್ಪಿಕೊಂಡು ಹೋಗಿ. ಪಾದಗಳು ನೆಲಕ್ಕೆ ತಾಗಿರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಗಾಬರಿಯಲ್ಲಿ ನಾವು ಅಗತ್ಯಕ್ಕಿಂತ ಹೆಚ್ಚು, ವೇಗವಾಗಿ ಉಸಿರಾಡುತ್ತೇವೆ, ಇದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮುಗುಟ್ಟುತ್ತದೆ, ಆ ಲಕ್ಷಣಗಳೇ ಮತ್ತೆ ಗಾಬರಿಗೆ ಕಾರಣವಾಗುತ್ತವೆ. ನಿಧಾನದ ಉಸಿರು ಈ ಸರಪಳಿಯ ಒಂದು ಕೊಂಡಿಯನ್ನು ಕಳಚುತ್ತದೆ.

ಇನ್ನೊಂದು ಮಾತು ಸರಳವಾದದ್ದು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರೆದುರು ಹಾಡುವ ಅಥವಾ ಮಾತಾಡುವ ಮುನ್ನ ‘ನಾನು ಶಾಂತನಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಉತ್ಸಾಹವಾಗಿದೆ’ ಎಂದುಕೊಂಡವರು ಉತ್ತಮವಾಗಿ ನಿರ್ವಹಿಸಿದರು. ಆತಂಕದಲ್ಲೂ ಉತ್ಸಾಹದಲ್ಲೂ ಎದೆ ಒಂದೇ ರೀತಿ ಬಡಿಯುತ್ತದೆ, ಹಾಗಾಗಿ ಬಡಿತವನ್ನು ಅದುಮುವುದಕ್ಕಿಂತ ಅದಕ್ಕೆ ಬೇರೆ ಹೆಸರು ಕೊಡುವುದು ಸುಲಭ. ಇದು ಚಿಕಿತ್ಸೆಗೆ ಬದಲಿಯಲ್ಲ, ತೀವ್ರ ಗಾಬರಿಯ ನಡುವೆ ಕೆಲಸಕ್ಕೆ ಬರಲಿಕ್ಕೂ ಇಲ್ಲ, ಆದರೆ ಬಾಗಿಲು ತಟ್ಟುವ ಮೊದಲಿನ ಅರ್ಧ ನಿಮಿಷಕ್ಕೆ ಉಪಯೋಗವಾದೀತು. ಮಾತು ತಡವರಿಸಿದರೆ ‘ಒಂದು ನಿಮಿಷ ಕೊಡಿ, ಅಂಕಿಗಳನ್ನು ನೋಡಿಕೊಂಡು ಹೇಳುತ್ತೇನೆ’ ಎಂದು ಕಾಗದದ ಕಡೆ ನೋಡಿ. ಹಣ ಹೂಡುವವರು ಕಾಗದ ನೋಡುವವರನ್ನು ಕೀಳಾಗಿ ಕಾಣುವುದಿಲ್ಲ.

ರದ್ದಾದ ಭೇಟಿಯವರಿಗೂ ಈ ವಾರ ಪತ್ರ ಬರೆದು ಹೊಸ ದಿನಾಂಕ ಕೇಳಿ. ಅಂದು ಆರೋಗ್ಯ ಸರಿಯಿರಲಿಲ್ಲ ಎಂಬುದು ಪೂರ್ಣ ಸತ್ಯ, ಅದಕ್ಕಿಂತ ಹೆಚ್ಚು ಹೇಳುವ ಹೊಣೆ ನಿಮಗಿಲ್ಲ. ಗಾಬರಿ ಮರುಕಳಿಸುತ್ತಿದ್ದರೆ ಸಿಬಿಟಿ ಬಲ್ಲ ಮನಶ್ಶಾಸ್ತ್ರಜ್ಞರನ್ನು ಕಾಣಿ, ಪ್ಯಾನಿಕ್ ತೊಂದರೆಗೆ ಈ ಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ.

ಪ್ರಶ್ನೆ: ಎರಡು ತಿಂಗಳಿಂದ ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಗ ಆರಾಮವಾಗಿದ್ದೇನೆ. ಉದ್ಯಮ ಆರಂಭಿಸುವಾಗ ಬುದ್ಧಿ ಚುರುಕಾಗಿರಬೇಕು, ಮಾತ್ರೆ ಮಂಕು ಮಾಡುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ನಿಲ್ಲಿಸಬಹುದೇ?

ಉತ್ತರ: ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ವರ್ಗದ ಔಷಧಗಳು ಪೂರ್ಣ ಪರಿಣಾಮ ತೋರಲು ಹಲವು ವಾರ ಬೇಕು, ಆರಾಮವಾದ ಮೇಲೂ ಕಾಯಿಲೆ ಮರುಕಳಿಸದಿರಲೆಂದು ಅವುಗಳನ್ನು ಹಲವು ತಿಂಗಳು ಮುಂದುವರಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಸಿಡುಕು ಕಾಣಿಸಿಕೊಳ್ಳಬಹುದು, ಉದ್ಯಮದ ಮೊದಲ ವಾರಗಳಲ್ಲಿ ಇವು ಬಂದರೆ ಕಷ್ಟ ಇಮ್ಮಡಿಸುತ್ತದೆ. ಈ ವರ್ಗದ ಔಷಧಗಳು ಚಟ ಹಿಡಿಸುವಂಥವಲ್ಲ. ಬೆಂಜೊಡಯಾಜೆಪೀನ್ ವರ್ಗದ ಮಾತ್ರೆಗಳು ಬೇರೆ, ಅವುಗಳಿಂದ ಮಂಪರು ಬರಬಹುದು, ಅವಲಂಬನೆ ಬೆಳೆಯಬಹುದು, ಆದ್ದರಿಂದಲೇ ಅವುಗಳನ್ನು ಅಲ್ಪಾವಧಿಗೆ ಮಾತ್ರ ಬರೆಯುತ್ತಾರೆ. ನಿಮ್ಮದು ಯಾವುದೆಂದು ವೈದ್ಯರನ್ನೇ ಕೇಳಿ, ಮಂಕು ನಿಮಗೆ ನಿಜವಾಗಿ ಅನಿಸುತ್ತಿದೆಯೇ ಅಥವಾ ಸ್ನೇಹಿತರ ಮಾತಿನಿಂದ ಬಂದ ಅನುಮಾನವೇ ಎಂಬುದನ್ನೂ ಹೇಳಿ. ಪ್ರಮಾಣ, ಹೊತ್ತು, ಔಷಧ ಮೂರನ್ನೂ ಅವರು ಬದಲಿಸಬಲ್ಲರು.

ಪ್ರಶ್ನೆ: ನನ್ನ ಪತಿ ಎಂಟು ತಿಂಗಳ ಹಿಂದೆ ಸ್ವಂತ ಉದ್ದಿಮೆ ಆರಂಭಿಸಿದರು. ಅವರಿಗೆ ಆತಂಕದ ತೊಂದರೆ ಇದೆ, ಚಿಕಿತ್ಸೆ ನಡೆಯುತ್ತಿದೆ. ಪ್ರತಿ ರಾತ್ರಿ ‘ಏನೂ ಆಗಲ್ಲ ಅಲ್ವಾ? ನಡೆಯುತ್ತೆ ಅಲ್ವಾ?’ ಎಂದು ಕೇಳುತ್ತಾರೆ. ನಾನು ‘ಏನೂ ಆಗಲ್ಲ’ ಎನ್ನುತ್ತೇನೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳುತ್ತಾರೆ. ನನಗೂ ನಿದ್ದೆಯಿಲ್ಲ. ಈಗ ನನ್ನ ಉಳಿತಾಯವನ್ನೂ ಉದ್ದಿಮೆಗೆ ಹಾಕೋಣವೇ ಎನ್ನುತ್ತಿದ್ದಾರೆ. ಒಲ್ಲೆ ಎಂದರೆ ಅವರ ಧೈರ್ಯ ಕುಸಿಯುತ್ತದೆಯೇನೋ ಎಂಬ ಭಯ ನನ್ನದು.

ಉತ್ತರ: ಪ್ರೀತಿಯಿಂದ ಕೊಡುವ ‘ಏನೂ ಆಗಲ್ಲ’ ಎಂಬ ಉತ್ತರವೇ ಮುಂದಿನ ಪ್ರಶ್ನೆಯನ್ನು ಕರೆತರುತ್ತಿದೆ ಎಂದರೆ ನಿಮಗೆ ನೋವಾಗಬಹುದು, ಆದರೆ ನಡೆಯುತ್ತಿರುವುದು ಅದೇ. ಭರವಸೆ ಕೇಳುವುದು ಆತಂಕದ ಒಂದು ಪರಿಚಿತ ಲಕ್ಷಣ. ಉತ್ತರ ಸಿಕ್ಕ ಕೂಡಲೇ ನಿರಾಳ, ಹತ್ತು ನಿಮಿಷದಲ್ಲಿ ಸಂದೇಹ, ಮತ್ತೆ ಪ್ರಶ್ನೆ. ಮೊದಲ ಪತ್ರದವರು ಸಂದೇಶ ಅಳಿಸಿದಾಗ ಪಡೆದ ನಿರಾಳವನ್ನೇ ನಿಮ್ಮ ಪತಿ ನಿಮ್ಮ ಉತ್ತರದಿಂದ ಪಡೆಯುತ್ತಿದ್ದಾರೆ. ಅಲ್ಲದೆ, ಉದ್ದಿಮೆ ನಡೆಯುತ್ತದೆಯೋ ಇಲ್ಲವೋ ನಿಮಗೂ ತಿಳಿಯದು, ಅದು ಅವರಿಗೂ ಗೊತ್ತು, ಹಾಗಾಗಿ ಆ ಉತ್ತರ ಅವರೊಳಗೆ ನೆಲೆನಿಲ್ಲುವುದಿಲ್ಲ.

ಇದನ್ನು ಒಂದು ರಾತ್ರಿ ಥಟ್ಟನೆ ನಿಲ್ಲಿಸಿದರೆ ಅವರಿಗೆ ಕೈಬಿಟ್ಟಂತಾಗುತ್ತದೆ. ಹಗಲಿನಲ್ಲಿ, ಇಬ್ಬರೂ ಸಮಾಧಾನವಾಗಿರುವಾಗ ಮಾತಾಡಿ. ‘ರಾತ್ರಿ ನೀವು ಕೇಳಿದಾಗ ನಾನು ಕೊಡುವ ಉತ್ತರದಿಂದ ನಿಮಗೆ ಸಹಾಯವಾಗುತ್ತಿಲ್ಲ ಅನಿಸುತ್ತಿದೆ. ಇನ್ನು ಮುಂದೆ ನೀವು ಕೇಳಿದರೆ, ಇದು ಆತಂಕ ಕೇಳುತ್ತಿರುವ ಪ್ರಶ್ನೆ ಎಂದು ಮಾತ್ರ ಹೇಳುತ್ತೇನೆ, ನಿಮ್ಮ ಪಕ್ಕದಲ್ಲೇ ಇರುತ್ತೇನೆ’ ಎಂದು ಇಬ್ಬರೂ ಒಪ್ಪಿಕೊಳ್ಳಿ. ಅವರ ಚಿಕಿತ್ಸಕರನ್ನು ಒಮ್ಮೆ ಜೊತೆಯಾಗಿ ಕಂಡು ಈ ಒಪ್ಪಂದವನ್ನು ಅವರ ಮುಂದೆಯೇ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಮೊದಲ ಕೆಲವು ರಾತ್ರಿಗಳಲ್ಲಿ ಪ್ರಶ್ನೆಗಳು ಹೆಚ್ಚಾಗಬಹುದು, ಅದು ಹಿನ್ನಡೆಯಲ್ಲ.

ಉದ್ದಿಮೆಯ ವಿಷಯ ಮನೆಯಲ್ಲಿ ಬರಲೇಬಾರದು ಎಂದಲ್ಲ. ವಾರದಲ್ಲಿ ಒಂದು ದಿನ, ಒಂದು ಗಂಟೆ, ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಇಬ್ಬರೂ ಕುಳಿತುಕೊಳ್ಳಿ. ಕೈಯಲ್ಲಿ ಎಷ್ಟಿದೆ, ಬರಬೇಕಾದ ಬಾಕಿ ಎಷ್ಟು, ಕೊಡಬೇಕಾದದ್ದು ಎಷ್ಟು, ಹೊಸದಾಗಿ ಏನೂ ಬರದಿದ್ದರೆ ಎಷ್ಟು ತಿಂಗಳು ನಡೆಯುತ್ತದೆ ಎಂಬುದಷ್ಟೇ ಅಂದಿನ ಮಾತು. ಅಂಕಿಗಳು ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ಎರಡೂವರೆ ತಿಂಗಳು ಎಂಬ ಖಚಿತ ಅಂಕಿಯ ಜೊತೆ ಒಬ್ಬ ಮನುಷ್ಯ ಕೆಲಸ ಮಾಡಬಲ್ಲ, ‘ಏನೋ ಆಗಿಬಿಡುತ್ತದೆ’ ಎಂಬುದರ ಜೊತೆ ಮಾಡಲಾರ.

ನಿಮ್ಮ ಉಳಿತಾಯದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಆತಂಕ ತೀವ್ರವಾಗಿರುವ ಹೊತ್ತಿನಲ್ಲಿ, ರಾತ್ರಿಯ ಮಾತಿನ ನಡುವೆ ಬಂದ ಪ್ರಸ್ತಾಪಕ್ಕೆ ಹೌದು ಎನ್ನಬೇಡಿ. ಎಂಟು ತಿಂಗಳ ಉದ್ದಿಮೆಗೆ ಇನ್ನಷ್ಟು ಬಂಡವಾಳ ಬೇಕೆಂಬುದು ವ್ಯವಹಾರದ ದೃಷ್ಟಿಯಿಂದ ಸರಿಯಿರಬಹುದು, ಅಥವಾ ಖಾತೆಯಲ್ಲಿ ದೊಡ್ಡ ಮೊತ್ತ ಕಂಡರೆ ಮನಸ್ಸು ತಣಿಯುತ್ತದೆ ಎಂಬ ಹಂಬಲವೂ ಇರಬಹುದು. ಆ ಹಣ ಯಾವುದಕ್ಕೆ, ಎಂದು ಮರಳುತ್ತದೆ ಎಂಬುದು ವಾರದ ಲೆಕ್ಕದಲ್ಲಿ ಬರಹದಲ್ಲಿ ಬಂದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಮನೆಯಲ್ಲಿ ಮುಟ್ಟದ ಒಂದು ಮೊತ್ತ ಇರುವುದೇ ಅವರ ಚಿಕಿತ್ಸೆಗೂ ಆಸರೆ. ನೀವು ಒಲ್ಲೆ ಎಂದರೆ ಅವರ ಧೈರ್ಯ ಕುಸಿಯುತ್ತದೆ ಎಂದು ನನಗನ್ನಿಸುವುದಿಲ್ಲ, ಒಂದೆರಡು ದಿನ ಬೇಸರವಾಗಬಹುದು. ಎಷ್ಟು ಕೊಡಬಲ್ಲಿರಿ ಎಂಬುದನ್ನು ನೀವೊಬ್ಬರೇ ಕುಳಿತು ತೀರ್ಮಾನಿಸಿ. ಅದು ಸೊನ್ನೆಯೂ ಆಗಿರಬಹುದು. ಆ ಅಂಕಿಯನ್ನು ಒಂದು ಬೆಳಗ್ಗೆ, ಒಮ್ಮೆ ಮಾತ್ರ, ಕಾರಣಗಳನ್ನು ಉದ್ದ ಮಾಡದೆ ಅವರಿಗೆ ಹೇಳಿ. ನಿಮ್ಮ ನಿದ್ದೆಗೇಡಿನ ಬಗ್ಗೆಯೂ ವೈದ್ಯರ ಬಳಿ ಮಾತಾಡಿ, ಪತಿಯ ಭೇಟಿಯ ದಿನವೇ ನಿಮಗಾಗಿ ಪ್ರತ್ಯೇಕವಾಗಿ ಸಮಯ ಕೇಳಿಕೊಳ್ಳಿ.